ಬಾಗಿಲು ಕಾಣುವ ಹಾಗೆ

ಜೂನ್ 8, ಭಾನುವಾರ

ಇಷ್ಟು ವರ್ಷ ಕಾದಿದ್ದಕ್ಕೆ ಇವತ್ತು ಉತ್ತರ ಬಂತು. ಅರ್ಪಿತ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಅವಳ ಫೋನಿಗೆ ಮೆಸೇಜು. ದತ್ತು ಕೊಡಲು ಒಂದು ಮಗು ಇದೆ, ಹೆಣ್ಣು, ಏಳು ತಿಂಗಳು, ಬೆಂಗಳೂರಿನ ಒಂದು ಕೇಂದ್ರದಲ್ಲಿದೆ. ಹೆಸರು ಕೀರ್ತನ ಎಂದು ಅಲ್ಲಿಯವರೇ ಇಟ್ಟಿದ್ದಾರೆ. ಜೊತೆಗೆ ಒಂದು ಫೋಟೋ. ಒದ್ದೆ ಕೈಯಲ್ಲೇ ಫೋನು ಹಿಡಿದು ನನ್ನ ಹತ್ತಿರ ಓಡಿಬಂದಳು. "ರೀ, ನೋಡಿ" ಎಂದಳು.

ನೋಡಿದೆ. ಹಳದಿ ಅಂಗಿ, ಗುಂಗುರು ಕೂದಲು, ನಗು ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ ಯಾರೋ ಈಗ ಬರ್ತೀನಿ ಎಂದು ಹೋದಮೇಲೆ ಕಾಯುತ್ತಾರಲ್ಲ, ಅಂಥ ಮುಖ. ನನಗೆ ಏನೋ ಆಗಬೇಕಿತ್ತು, ಆಗಲಿಲ್ಲ. ಅರ್ಪಿತಳ ಕಣ್ಣು ತುಂಬಿತ್ತು. ನನಗೆ ಹೊಳೆದಿದ್ದು ಒಂದೇ: ಈ ಮಗುವನ್ನು ಎಲ್ಲಿ ಮಲಗಿಸುವುದು?

ಎರಡು ದಿನದೊಳಗೆ ಹೂಂ ಎನ್ನಬೇಕಂತೆ. ಮಧ್ಯಾಹ್ನವೇ ಹೂಂ ಎಂದೆವು. ಆದರೆ ಅದೇ ಕೊನೆಯ ಮಾತಲ್ಲ. ಹೋಗಿ ಮಗುವನ್ನು ನೋಡಿ, ಡಾಕ್ಟರ ಹತ್ತಿರ ಮಾತಾಡಿ, ಆಮೇಲೆ ಸಹಿ.

ಅಮ್ಮನಿಗೆ ಹೇಳಿದೆ. "ಹೆಣ್ಣಾ?" ಎಂದಳು. "ಹೂಂ." "ಯಾರ್ ಮನೇದೋ ಏನೋ" ಎಂದು ಹಸುವಿಗೆ ಹುಲ್ಲು ಹಾಕಲು ಹೋದಳು. ಬೇಡ ಎನ್ನಲಿಲ್ಲ. ಬೇಕು ಎಂದೂ ಅನ್ನಲಿಲ್ಲ.

ಜೂನ್ 11, ಬುಧವಾರ

ಗೋದಾಮಿನ ಕೆಲಸ ಮುಗಿಸಿ ಬಂದು ಕೋಣೆ ಖಾಲಿ ಮಾಡಲು ಹಿಡಿದೆ. ನಡುಮನೆಯ ಪಕ್ಕದ್ದು. ಅಪ್ಪ ಇರುವವರೆಗೆ ಅದರಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಈಗ ರಾಗಿ ಮೂಟೆ, ಹಳೇ ಸೈಕಲ್ಲು, ಕೆಟ್ಟ ಮಿಕ್ಸಿ ಎಲ್ಲ ಅಲ್ಲೇ. ಮೂಲೆಯಲ್ಲಿ ತೇವ ಹಿಡಿದು ಸುಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ. ಪೇಂಟರು ಬಂದು ನೋಡಿ ಕೇಳಿದ ದುಡ್ಡಿಗೆ "ನಾನೇ ಬಳ್ಕೋತೀನಿ ಬಿಡಪ್ಪ" ಎಂದು ಕಳಿಸಿದೆ. ಮಗುವಿಗೆಂದು ಎತ್ತಿಟ್ಟಿದ್ದನ್ನು ಗೋಡೆಗೆ ಸುರಿಯಬಾರದೆಂದು ಅರ್ಪಿತ ಮೊದಲೇ ಹೇಳಿದ್ದಾಳೆ. ಅವಳು ಹೊಸಕೋಟೆಯ ಸ್ಕೂಲಿನಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಮಾಡುವವಳು. ಹಳೇ ಡಬ್ಬ ಕೊಟ್ಟರೆ ಆನೆ ಮಾಡಿಬಿಡುತ್ತಾಳೆ.

ಚಂದ್ರಿಕೆಗಳನ್ನು ನೀರೊಲೆಗೆ ಹಾಕೋಣವೆಂದು ಎಳೆದು ತಂದೆ. ಹುಳು ಗೂಡು ಕಟ್ಟಲು ಬಿಡುವ ಅಗಲವಾದ ಬಿದಿರು ತಟ್ಟಿಗಳು, ಮೈತುಂಬ ಸುರುಳಿ. ಅರ್ಪಿತ ಅಡ್ಡ ಬಂದಳು. "ಅಯ್ಯೋ, ಒಂದು ಉಳಿಸ್ಕೊಳ್ಳಿ. ಗೋಡೆಗೆ ಹಾಕೋಣ, ಎಷ್ಟು ಚೆನ್ನಾಗಿದೆ!" ಮೂಟೆಯೊಂದರ ತಳದಲ್ಲಿ ಹಳೇ ತೂತು ರೇಷ್ಮೆಗೂಡುಗಳೂ ಸಿಕ್ಕವು. ಅವನ್ನೂ ಮಡಿಲಿಗೆ ತುಂಬಿಕೊಂಡು ಹೋದಳು.

ಅವಳಿಗೆ ಹಬ್ಬ. ನನಗೆ ಹೆದರಿಕೆ. ಮಗು ನನ್ನ ಮುಖ ಕಂಡು ಅತ್ತರೆ? ನನಗೇ ಅದನ್ನು ಎತ್ತಿಕೊಳ್ಳಬೇಕು ಅನ್ನಿಸದಿದ್ದರೆ? ಇದನ್ನು ಅರ್ಪಿತಳ ಹತ್ತಿರ ಹೇಳುವ ಹಾಗಿಲ್ಲ.

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ತೊಟ್ಲು ಈಗ್ಲೇ ಕಟ್ಬ್ಯಾಡ. ಖಾಲಿ ತೊಟ್ಲು ತೂಗಾಡಬಾರ್ದು" ಎಂದಳು. ಅಂದರೆ ತೊಟ್ಟಿಲಿನ ಯೋಚನೆ ಅವಳಿಗೂ ಬಂದಿದೆ.

ಜೂನ್ 14, ಶನಿವಾರ

ಹೊಸಕೋಟೆಯ ಪೇಂಟ್ ಅಂಗಡಿಯವನು "ಹೆಣ್ಮಗು ಅಂದ್ರೆ ಪಿಂಕೇ ಸಾರ್" ಎಂದು ಪುಸ್ತಕ ಬಿಡಿಸಿದ. ಪುಸ್ತಕದ ಬಣ್ಣಗಳು ನಮ್ಮ ಕೈಗೆಟುಕುವಂಥವಲ್ಲ. ಯಾರೋ ಬಣ್ಣ ಕಲಸಿಸಿ ಬೇಡವೆಂದು ಬಿಟ್ಟುಹೋದ ಡಬ್ಬಗಳು ಮೂಲೆಯಲ್ಲಿದ್ದವು. ಅದರಲ್ಲೇ ಬೆಣ್ಣೆ ಬಣ್ಣದ್ದು ಒಂದನ್ನು ಆರಿಸಿಕೊಂಡೆ. ಮನೆಗೆ ಬಂದು ಗೋಡೆಗೆ ಬಳಿದರೆ ಹೆಸರುಬೇಳೆ ಪಾಯಸ! ಅರ್ಪಿತ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇರಲಿ, ಬೆಳಕು ಬಿದ್ದರೆ ಬೆಚ್ಚಗೆ ಕಾಣುತ್ತದೆ.

ಗೋದಾಮಿನಲ್ಲಿ ಬಿಸಾಡುವ ಪ್ಯಾಲೆಟ್ಟುಗಳನ್ನು ಮ್ಯಾನೇಜರಿಗೆ ಹೇಳಿ ತಂದಿದ್ದೇನೆ. ಮರಳು ಕಾಗದ ಹಾಕಿ ಉಜ್ಜಿ, ನೆಲದ ಥಂಡಿ ಹತ್ತದ ಹಾಗೆ ಗೇಣೆತ್ತರದ ಜಗಲಿ ಮಾಡುತ್ತಿದ್ದೇನೆ. ಮಗು ಕೂತು ಆಡಲಿ ಎಂದು. ಒಂದು ಮೊಳೆ ಉಳಿದರೂ ಕಷ್ಟ. ಎರಡು ಸಲ ಅಂಗೈಯಾಡಿಸಿ ನೋಡಿದೆ.

ಅಮ್ಮನ ಹಳೇ ವಾಯಿಲ್ ಸೀರೆಯನ್ನು ಪರದೆ ಹೊಲಿಯಲು ಅನುಸೂಯಮ್ಮನಿಗೆ ಕೊಟ್ಟೆವು. ನಮ್ಮ ಬೀದಿಯಲ್ಲೇ ಹೊಲಿಗೆ ಹಾಕುವವರು. "ಯಾವ ರೂಮಿಗೆ?" ಎಂದು ಕೇಳಿದರು. ನಾನು "ಸುಮ್ನೆ" ಎನ್ನುವಷ್ಟರಲ್ಲಿ ಅರ್ಪಿತ "ನಮ್ಮ ಮಗಳಿಗೆ" ಎಂದಳು. ಇನ್ನೂ ಕಣ್ಣಿಂದ ನೋಡಿಲ್ಲ. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಇಡೀ ಜಡಿಗೇನಹಳ್ಳಿ ಕೇಳುತ್ತದೆ. ಮನೆಗೆ ಬರುವಾಗ ಅವಳನ್ನು ಗದರಿದೆ.

ಸಂಜೆ ತೂತು ಗೂಡುಗಳನ್ನು ದಾರಕ್ಕೆ ಪೋಣಿಸಿ, ತೊಟ್ಟಿಲಿನ ಮೇಲೆ ತೂಗುಬಿಡಲು ಒಂದು ಗೊಂಚಲು ಮಾಡಿದ್ದಾಳೆ. ನಾನು ಗೆಜ್ಜೆ ತಂದಿದ್ದೆ. ಗೂಡಿಗೊಂದು ಗೆಜ್ಜೆ ಕಟ್ಟಿದೆವು. ಊದಿದರೆ ಘಲ್ ಎನ್ನುತ್ತದೆ.

ಜೂನ್ 17, ಮಂಗಳವಾರ

ನೋಡಿ ಬಂದೆವು.

ಹರ್ಷಿತ ಎನ್ನುವ ಹುಡುಗಿ ನಮ್ಮನ್ನು ಒಳಗೆ ಕರೆದುಕೊಂಡು ಹೋದಳು. ಅಲ್ಲಿಯ ಸೋಷಿಯಲ್ ವರ್ಕರ್, ಚಿಕ್ಕ ವಯಸ್ಸು. ಮಗು ಚಾಪೆಯ ಮೇಲೆ ನಮಗೆ ಬೆನ್ನು ಮಾಡಿ ಕೂತಿತ್ತು. ನಾನು ತಂದಿದ್ದ ಗಿಲಕಿಯನ್ನು ಅಲ್ಲಾಡಿಸಿದೆ. ತಿರುಗಲಿಲ್ಲ. ಜೋರಾಗಿ ಅಲ್ಲಾಡಿಸಿದೆ. ಪಕ್ಕದ ತೊಟ್ಟಿಲುಗಳ ಮಕ್ಕಳೆಲ್ಲ ನನ್ನ ಕಡೆ ನೋಡಿದವು. ಅರ್ಪಿತ ಎದುರಿಗೆ ಹೋಗಿ ಕೂತಮೇಲೆ ಮಗು ಒಮ್ಮೆ ಬೆಚ್ಚಿತು, ಆಮೇಲೆ ಅವಳ ಓಲೆಗೆ ಕೈ ಹಾಕಿತು.

ಹರ್ಷಿತ ನನ್ನ ಕೈಯಲ್ಲಿದ್ದ ಗಿಲಕಿ ನೋಡುತ್ತಿದ್ದಳು. "ಸಾರ್, ಡಾಕ್ಟರು ನಿಮ್ಮ ಹತ್ರ ಮಾತಾಡ್ಬೇಕಂತೆ" ಎಂದಳು. ಹೋದ ವಾರ ಮಾಡಿದ ಕಿವಿ ಪರೀಕ್ಷೆ ಸರಿಬಂದಿಲ್ಲವಂತೆ. ಶೀತವಿದ್ದರೂ ಹಾಗಾಗಬಹುದು. ದೊಡ್ಡ ಆಸ್ಪತ್ರೆಯಲ್ಲಿ ಇನ್ನೊಂದು ಪರೀಕ್ಷೆ ಮಾಡಿಸಿದರೆ ಖಾತ್ರಿಯಾಗುತ್ತದೆ. ಅಲ್ಲಿಯವರೆಗೆ ಸಹಿ ಹಾಕಬೇಡಿ ಎಂದು ಡಾಕ್ಟರೇ ಹೇಳಿದರು.

ಬಸ್ಸು ಕುಲುಕಿದಾಗಲೆಲ್ಲ ಚೀಲದಲ್ಲಿ ಗಿಲಕಿ ಸದ್ದು ಮಾಡುತ್ತಿತ್ತು, ತೆಗೆದು ಟವೆಲಿನಲ್ಲಿ ಸುತ್ತಿಟ್ಟೆ.

ಜೂನ್ 18, ಬುಧವಾರ

ಶೀತವೇ ಇರಬೇಕು. ಮೂಗು ಸೋರುತ್ತಿತ್ತು, ನಾನೇ ನೋಡಿದೆ.

ಅಮ್ಮನಿಗೆ ಹೇಳಿಲ್ಲ. ಕೋಣೆಗೆ ಹೋಗಲಿಲ್ಲ.

ಜೂನ್ 23, ಸೋಮವಾರ

ಪರೀಕ್ಷೆ ಆಯಿತು. ಮಗು ನಿದ್ದೆಯಲ್ಲಿರಬೇಕಂತೆ. ಔಷಧಿ ಕುಡಿಸಿದರು, ವಾಂತಿ ಮಾಡಿಕೊಂಡಿತು. ಮತ್ತೆ ಕುಡಿಸಿದರು. ಆಯಾ ಎತ್ತಿಕೊಂಡರೆ ಅಳು, ಅರ್ಪಿತ ಎತ್ತಿಕೊಂಡರೂ ಅಳು. ಕೊನೆಗೆ ಆಯಾ ಸಾಕಾಗಿ "ನೀವ್ ಹಿಡ್ಕೊಳ್ಳಿ ಸಾರ್" ಎಂದು ನನ್ನ ಹೆಗಲಿಗೆ ಹಾಕಿದಳು. ವರಾಂಡದಲ್ಲಿ ಹೋಗುತ್ತ ಬರುತ್ತ ನಡೆದೆ. ಎಲ್ಲರೂ ಹಾಡುವ ಹಾಗೆ ಜೋಜೋ ಎಂದೆ. ಆಮೇಲೆ, ಯಾರಿಗೆ ಹಾಡುತ್ತಿದ್ದೇನೆ ಅನ್ನಿಸಿ ನಿಲ್ಲಿಸಿದೆ. ನಿಲ್ಲಿಸಿದ ಕೂಡಲೇ ತಲೆಯೆತ್ತಿತು. ಮತ್ತೆ ಶುರು ಮಾಡಿದೆ. ಕೆನ್ನೆಯನ್ನು ನನ್ನ ಎದೆಗೆ ಒತ್ತಿಕೊಂಡು ಮಲಗಿಬಿಟ್ಟಿತು.

ತಲೆಗೆ ವೈರು ಅಂಟಿಸುವವರೆಗೂ, ಅಂಟಿಸಿದಮೇಲೂ ನಾನೇ ಹಿಡಿದುಕೊಂಡಿದ್ದೆ. ಕೈ ಜೋಮು ಹಿಡಿಯಿತು. ಈಗಲೂ ಬರೆಯಲು ಸರಿಯಾಗಿ ಬರುತ್ತಿಲ್ಲ.

ಜೂನ್ 24, ಮಂಗಳವಾರ

ಎರಡೂ ಕಿವಿ.

ಮೆಷಿನ್ ಹಾಕಿಸಬಹುದು. ಅದರಿಂದ ಆಗದಿದ್ದರೆ ಆಪರೇಷನ್. ಸರ್ಕಾರದ ಸಹಾಯ ಸಿಗಬಹುದು. ಮಾತು ಬರಬಹುದು, ಬರದೆಯೂ ಇರಬಹುದು. ಹರ್ಷಿತ ಫೋನಿನಲ್ಲಿ, "ಸೋಮವಾರ ಹೇಳಿ ಸಾರ್. ಬೇಡ ಅಂದ್ರೂ ಯಾರೂ ತಪ್ಪು ತಿಳಿಯಲ್ಲ" ಎಂದಳು. ಆ ಮಾತು ಕೇಳಿ ಸಮಾಧಾನವಾಗಬೇಕಿತ್ತು.

ಜೂನ್ 26, ಗುರುವಾರ

ಅಮ್ಮನಿಗೆ ಹೇಳಿದೆ, ಅಮ್ಮ ತನ್ನ ತಮ್ಮನಿಗೆ ಹೇಳಿದಳು. ಸೊಣ್ಣಪ್ಪ ಮಾವ ಬೆಳಿಗ್ಗೆಯೇ ಬಂದು ಕಾಫಿ ಕುಡಿದು ಕೂತ.

"ಲೇ ವೇಣು, ನಾನ್ ಕೆಟ್ಟೋನಾಗ್ಲಿ, ಹೇಳ್ಬಿಡ್ತೀನಿ. ಹೊಟ್ಟೇಲ್ ಹುಟ್ಟಿದ್ರೆ ಬ್ಯಾರೆ ಮಾತು. ಗೊತ್ತಿದ್ದೂ ಗೊತ್ತಿದ್ದೂ ಯಾಕಪ್ಪಾ? ಇವತ್ತಿಂದ ಆಷಾಢ ಬ್ಯಾರೆ. ಬ್ಯಾಡ ಅಂದ್ಬಿಡು. ಇನ್ನೊಂದು ಮಗು ಕೊಡ್ತಾರೆ."

"ಅಂಗಡೀಲಿ ಡಬ್ಬ ಬದಲಾಯಿಸ್ದಂಗೆ ಅಲ್ಲ ಮಾವ."

"ನಾನ್ ಅದನ್ನ ಹೇಳಿದ್ನಾ? ನಾಳೆ ಸ್ಕೂಲು, ಮದ್ವೆ, ಯಾರ್ ನೋಡ್ತಾರೆ? ನೀವಿಬ್ರೂ ಹೋದ್ಮೇಲೆ ಅದಕ್ಯಾರು?"

ಮಾವ ಕೇಡು ಬಯಸುವವನಲ್ಲ. ಅಪ್ಪ ಹೋದಾಗ ಇದೇ ಮನುಷ್ಯ ನಮ್ಮ ಹೊಲ ಉಳುಮೆ ಮಾಡಿಕೊಟ್ಟ. ಅವನು ಕೇಳಿದ್ದನ್ನೇ ನಾನೂ ನನ್ನನ್ನು ಕೇಳಿಕೊಳ್ಳುತ್ತಿದ್ದೇನೆ. ಅಮ್ಮ ಗೋಡೆಗೆ ಒರಗಿ ಸೆರಗಿನ ತುದಿ ಸುತ್ತುತ್ತಿದ್ದಳು.

ಅವನು ಹೋದಮೇಲೆ ಅರ್ಪಿತಳನ್ನು ಕೇಳಿದೆ. "ನೀನೇನಂತೀಯ?"

"ನಾನು ಹೇಳಲ್ಲ."

"ಅಂದ್ರೆ?"

"ನಾನು ಬೇಕು ಅಂದ್ರೆ ನೀವು ಹೂಂ ಅಂತೀರ. ನನಗೋಸ್ಕರ. ನಾಳೆ ಕಷ್ಟ ಬಂದಾಗ ಇದು ನಿನ್ನ ಹಟ ಅಂತೀರ. ಬಾಯಲ್ಲಿ ಅನ್ನದಿದ್ರೂ ಮನಸ್ಸಲ್ಲಿ ಅಂತೀರ. ಅಂಥಾ ಮನೆಗೆ ಆ ಮಗು ಬರೋದು ಬೇಡ. ನೀವೇ ಹೇಳಿ."

ಸ್ಕೂಲಿಗೆ ಹೊತ್ತಾಯಿತೆಂದು ಹೊರಟುಹೋದಳು. ನನಗೆ ಕೋಪ ಬಂತು. ಎಲ್ಲ ನನ್ನ ತಲೆಗೇ ಕಟ್ಟಿದರೆ ನಾನು ಏನು ಮಾಡಲಿ? ಗೋದಾಮಿಗೆ ರಜೆ ಹೇಳಿ ಗೋಡೆಗೆ ಎರಡನೇ ಕೋಟು ಬಳಿದೆ. ಮಗು ಬಂದರೂ ಬರದಿದ್ದರೂ ಗೋಡೆ ಹಾಗೇ ಬಿಡಲಾಗುವುದಿಲ್ಲ.

ಜೂನ್ 29, ಭಾನುವಾರ

ಕೋಣೆಯ ಕೆಲಸ ಬಹುಮಟ್ಟಿಗೆ ಮುಗಿಯಿತು. ಪರದೆ ಹಾಕಿದೆ. ಚಂದ್ರಿಕೆಯನ್ನು ಗೋಡೆಗೆ ಹೊಡೆದೆ. ಜಗಲಿಗೆ ಮತ್ತೊಮ್ಮೆ ಕಾಗದ ಉಜ್ಜಿದೆ.

ಒಂದು ತಪ್ಪು ಕಂಡಿತು. ತೊಟ್ಟಿಲು ಕಟ್ಟುವ ಕೊಕ್ಕೆ ತೊಲೆಯ ಈ ತುದಿಗೆ, ಬಾಗಿಲಿನ ಪಕ್ಕಕ್ಕೇ ಇದೆ. ಅದರ ಕೆಳಗೆ ನೆಲದ ಮೇಲೆ ಅಂಗಾತ ಮಲಗಿ ನೋಡಿದೆ. ಬಾಗಿಲು ತಲೆಯ ಹಿಂದೆ ಬೀಳುತ್ತದೆ. ಯಾರು ಬಂದರೂ ಕಾಣುವುದಿಲ್ಲ. ನಮಗಾದರೆ ಹೆಜ್ಜೆ ಸಪ್ಪಳ ಕೇಳುತ್ತದೆ. ಅವಳಿಗೆ, ಇದ್ದಕ್ಕಿದ್ದಂತೆ ಮುಖದ ಮೇಲೆ ಒಂದು ಮುಖ ಬರುತ್ತದೆ. ಅವತ್ತು ಅರ್ಪಿತಳನ್ನು ಕಂಡು ಬೆಚ್ಚಿದ್ದು ಅದಕ್ಕೇ. ದಿನಕ್ಕೆ ಎಷ್ಟು ಸಲ ಹಾಗೆ ಬೆಚ್ಚಬೇಕು?

ಉರುಳಿಕೊಂಡು ಎದುರು ಗೋಡೆಯ ಕಡೆ ಹೋಗಿ ಮಲಗಿ ನೋಡಿದೆ. ಅಲ್ಲಿಂದ ಬಾಗಿಲೂ ಕಾಣುತ್ತದೆ, ಕಿಟಕಿಯೂ ಕಾಣುತ್ತದೆ. ಕಿಟಕಿಯಾಚೆ ಹೊಂಗೆ ಮರ, ಗಾಳಿಗೆ ಎಲೆ ಆಡುವುದೂ ಕಾಣುತ್ತದೆ. ಡ್ರಿಲ್ಲು ತಂದು ತೊಲೆಯ ಆ ತುದಿಗೆ ತೂತು ಕೊರೆದು ಕೊಕ್ಕೆಯನ್ನು ಅಲ್ಲಿಗೆ ಹಾಕಿದೆ. ಹಳೇ ತೇಗದ ತೊಲೆ, ಅಲುಗಲಿಲ್ಲ. ನಾನೇ ಜೋತುಬಿದ್ದು ನೋಡಿದೆ. ಗೊಂಚಲಿನಿಂದ ಗೆಜ್ಜೆಗಳನ್ನೆಲ್ಲ ಬಿಚ್ಚಿದೆ. ಭಾರಕ್ಕೆ ಗೂಡು ತಿರುಗುತ್ತಲೇ ಇರಲಿಲ್ಲ. ಈಗ ಉಸಿರಿಗೂ ತಿರುಗುತ್ತವೆ.

ಧೂಳೆಲ್ಲ ಮೈಮೇಲೆ ಬಿದ್ದಿತ್ತು. ಅರ್ಪಿತ ಬಾಗಿಲಲ್ಲಿ ಬಂದು ನಿಂತಳು.

"ಕೊಕ್ಕೆ ಯಾಕೆ ಕಿತ್ತಿದ್ದು?"

ಹೇಳಿದೆ. ಅಲ್ಲಾದರೆ ಅವಳಿಗೆ ಬಾಗಿಲು ಕಾಣುವುದಿಲ್ಲ, ಇಲ್ಲಾದರೆ ನಾವು ಬರುವುದು ದೂರದಿಂದಲೇ ಕಾಣುತ್ತದೆ, ಹೆದರುವುದಿಲ್ಲ ಎಂದೆ. ಬಾಗಿಲಿಗೆ ಬಂದ ಕೂಡಲೇ ಲೈಟು ಒಂದು ಸಲ ಆರಿಸಿ ಹಾಕಿದರೆ ಅವಳಿಗೆ ಅಭ್ಯಾಸವಾಗುತ್ತದೆ, ಸ್ವಿಚ್ಚನ್ನೂ ಹೊರಗೆ ಹಾಕಿಸಬೇಕು ಎಂದೆ.

ಅರ್ಪಿತ ಆ ಧೂಳಿನಲ್ಲೇ ಕೂತುಬಿಟ್ಟಳು. ಕೂತು ಅಳಲು ಶುರು ಮಾಡಿದಳು.

"ಏನಾಯ್ತೇ?"

"ಹಂಗಾದ್ರೆ ಹರ್ಷಿತಾಗೆ ಹೇಳ್ಬಿಡ್ಲಾ?"

"ಏನನ್ನ?" ಎಂದೆ. ಕೇಳಿದಮೇಲೆ ಗೊತ್ತಾಯಿತು. "ಹೇಳು" ಎಂದೆ.

ಜುಲೈ 10, ಗುರುವಾರ

ಕರೆದುಕೊಂಡು ಬಂದೆವು. ಅಮ್ಮ ಹೊಸಿಲಲ್ಲಿ ಆರತಿ ಎತ್ತಿದಳು. ಆಷಾಢದ ಮಾತು ಎತ್ತಲಿಲ್ಲ. ಮಗಳು ಆರತಿಯ ದೀಪವನ್ನೇ ನೋಡುತ್ತಿದ್ದಳು, ತಟ್ಟೆ ಹೋದ ಕಡೆಯೆಲ್ಲ ಕಣ್ಣು ಹೋಗುತ್ತಿತ್ತು. "ಕಣ್ಣು ಬೋ ಚುರುಕು" ಎಂದಳು ಅಮ್ಮ. ಅಷ್ಟೇ.

ಇಷ್ಟೆಲ್ಲ ಮಾಡಿದ ಕೋಣೆಯಲ್ಲಿ ಅವಳು ಒಂದು ಗಳಿಗೆಯೂ ಇರಲಿಲ್ಲ. ತೊಟ್ಟಿಲಿಗೆ ಹಾಕಿದರೆ ಕಿರುಚುತ್ತಾಳೆ. ನಡುಮನೆಯ ಚಾಪೆಯ ಮೇಲೆ, ಅಮ್ಮ ಮೂಟೆಯಿಂದ ರಾಗಿ ಮೊರಕ್ಕೆ ಹಾಕುತ್ತಿದ್ದ ಜಾಗದಲ್ಲಿ, ಬಾಯಿ ತೆರೆದುಕೊಂಡು ಮಲಗಿದಳು.

ಜುಲೈ 16, ಬುಧವಾರ

ಇವತ್ತು ಸಂಜೆ ಕರೆಂಟು ಹೋಯಿತು. ಅರ್ಪಿತ ಅಡಿಗೆಮನೆಯಲ್ಲಿ, ಅಮ್ಮ ಕೊಟ್ಟಿಗೆಯಲ್ಲಿ. ಮಗಳು ಕೋಣೆಯ ಜಗಲಿಯ ಮೇಲೆ, ನಾನು ಎರಡು ಮಾರು ದೂರ. ಕೇಳಿಸುವುದೂ ಇಲ್ಲ, ಕಾಣುವುದೂ ಇಲ್ಲ ಎಂದರೆ ಏನು ಎಂದು ನನಗೆ ಆಗಲೇ ಗೊತ್ತಾದದ್ದು. ಅಂಥ ಕೂಗನ್ನು ನಾನು ಕೇಳಿರಲಿಲ್ಲ. "ಇಲ್ಲೇ ಇದ್ದೀನಿ, ಇಲ್ಲೇ ಇದ್ದೀನಿ ಕಣಮ್ಮ" ಎಂದು ಕಿರುಚುತ್ತ ಅವಳಿಗಾಗಿ ತಡಕಾಡಿದೆ. ಕೈಗೆ ಸಿಕ್ಕವಳು ಕೊಸರಿಕೊಂಡಳು. ಯಾರ ಕೈ ಎಂದು ಅವಳಿಗೆ ಹೇಗೆ ತಿಳಿಯಬೇಕು? ಫೋನಿನ ಟಾರ್ಚು ಹಾಕಿ ನನ್ನ ಮುಖಕ್ಕೆ ಹಿಡಿದುಕೊಂಡೆ. ನೋಡಿದಳು. ಬಿಕ್ಕುತ್ತಲೇ ನನ್ನ ಮೂಗು ಹಿಡಿದುಕೊಂಡಳು.

ಕರೆಂಟು ಹೋದಾಗ ತಾನೇ ಹತ್ತಿಕೊಳ್ಳುವ ಬಲ್ಬು ಬರುತ್ತದಂತೆ. ನಾಳೆ ಅದೇ ಮೊದಲ ಕೆಲಸ. ಪ್ರತಿ ಕೋಣೆಗೂ ಒಂದೊಂದು. ಬೇರೇನು ನಿಂತರೂ ನಿಲ್ಲಲಿ.

ಜುಲೈ 22, ಮಂಗಳವಾರ

ಗೇಟು ತೆಗೆಯುವಷ್ಟರಲ್ಲಿ ಅಮ್ಮ ಓಡಿ ಬಂದಳು. "ವೇಣು, ಕೇಳಿಸ್ತದೆ ಕಣೋ! ನಾನ್ ಮೆಣಸಿನಕಾಯಿ ಕುಟ್ತಾ ಇದ್ರೆ ತಿರುಗಿ ತಿರುಗಿ ನೋಡ್ತಾಳೆ!"

ಚಪ್ಪಲಿ ಬಿಡದೆ ಒಳಗೆ ಓಡಿದೆ. ಅಮ್ಮ ಕುಟ್ಟಿ ತೋರಿಸಿದಳು. ನಿಜ, ತಿರುಗಿದಳು. ಅರ್ಪಿತ ಬಂದು ಸ್ವಲ್ಪ ಹೊತ್ತು ನೋಡಿ, ಅವಳನ್ನು ಜಗಲಿಯಿಂದ ಎತ್ತಿ ಸಿಮೆಂಟು ನೆಲದ ಮೇಲೆ ಕೂರಿಸಿದಳು. "ಈಗ ಕುಟ್ಟಿ ಅತ್ತೆ." ತಿರುಗಲಿಲ್ಲ. ಅಮ್ಮ ಒರಳನ್ನು ಜಗಲಿಯ ಹಲಗೆಯ ಮೇಲೆ ಇಟ್ಟುಕೊಂಡು ಕುಟ್ಟುತ್ತಿದ್ದಳು. ಹಲಗೆ ಅದುರುತ್ತಿತ್ತು, ಆ ಅದುರು ಅವಳಿಗೆ ತಿಳಿಯುತ್ತಿತ್ತು.

ಅಮ್ಮನ ಮುಖ ನೋಡಲಾಗಲಿಲ್ಲ. ಆದರೆ ಅಮ್ಮ ಅವಳನ್ನು ಮತ್ತೆ ಹಲಗೆಯ ಮೇಲೆ ಕೂರಿಸಿಕೊಂಡು, "ಅದುರಾದ್ರೆ ಅದುರೇ" ಎಂದು ಇನ್ನೊಂದು ಹಿಡಿ ಮೆಣಸಿನಕಾಯಿ ಹಾಕಿದಳು. ನಮಗೆಲ್ಲ ಸೀನು.

ಆಗಸ್ಟ್ 3, ಭಾನುವಾರ

ಶ್ರಾವಣ ಬಂತು, ಇವತ್ತು ನಾಮಕರಣ. ಹತ್ತಿರದವರಷ್ಟೇ. ಹೆಸರನ್ನು ಕಿವಿಯಲ್ಲಿ ಮೂರು ಸಲ ಹೇಳಬೇಕು. ಎಲ್ಲರೂ ನೋಡುತ್ತಿರುತ್ತಾರೆ.

ಸೊಣ್ಣಪ್ಪ ಮಾವ ನನ್ನನ್ನು ಪಕ್ಕಕ್ಕೆ ಕರೆದ. "ಹೆಸರಾದ್ರೂ ಬದಲಾಯ್ಸಪ್ಪ. ಕೇಳಿಸ್ದಿರೋ ಮಗೀಗೆ ಕೀರ್ತನ ಅಂದ್ರೆ ಜನ ಆಡ್ಕಳಲ್ವಾ?"

"ಅವಳಿಗೇ ಅಂತ ಯಾರೋ ಕೊಟ್ಟಿದ್ದು ಅದೊಂದೇ ಮಾವ. ಇರಲಿ ಬಿಡು" ಎಂದೆ.

ಅವನು ಮತ್ತೇನೋ ಹೇಳಲು ಹೊರಟ. ಅಷ್ಟರಲ್ಲಿ ಅಮ್ಮ ಅವಳನ್ನು ಎತ್ತಿಕೊಂಡು ಕೋಣೆಯ ಜಗಲಿಯ ಮೇಲೆ ಕೂತಳು. ಅನುಸೂಯಮ್ಮ ಅಮ್ಮನಿಗೆ "ಕಿವೀಲಿ ಹೇಳಿ ಕದಿರಮ್ಮ" ಎಂದರು. ಅಮ್ಮ ಕಿವಿಗೆ ಬಾಯಿಡಲಿಲ್ಲ. ಅವಳ ಪುಟ್ಟ ಅಂಗೈ ತೆಗೆದು ತನ್ನ ಗಂಟಲಿನ ಮೇಲೆ ಒತ್ತಿ ಹಿಡಿದುಕೊಂಡಳು. "ಕೀರ್ತನಾ" ಎಂದಳು. ಪಿಸುಮಾತಿನಲ್ಲಲ್ಲ. ಹೊಲದಿಂದ ಕೂಗಿ ಕರೆಯುವ ಹಾಗೆ.

ಕೀರ್ತನ ಕಣ್ಣು ಅಗಲ ಮಾಡಿ ಅಮ್ಮನ ಬಾಯನ್ನೇ ನೋಡಿದಳು. ಅಮ್ಮ ಮತ್ತೆ ಕರೆದಳು. ಮೂರನೇ ಸಲಕ್ಕೆ ಮಗಳು ಇನ್ನೊಂದು ಕೈಯನ್ನೂ ತಾನೇ ತಂದಿಟ್ಟು ಕೇಕೆ ಹಾಕಿದಳು.

ಮಾವ ಕಡಲೆ ಸಕ್ಕರೆ ಹಂಚುವ ತಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಹಂಚಲು ಹೋದ. ಅಮ್ಮ ಮೂರಕ್ಕೆ ನಿಲ್ಲಿಸಲಿಲ್ಲ.

ಆಗಸ್ಟ್ 21, ಗುರುವಾರ

ಎಷ್ಟೋ ದಿನವಾಯಿತು ಬರೆದು. ಕಿವಿಗೆ ಮೆಷಿನ್ ಹಾಕಿಸಿ ವಾರವಾಯಿತು. ಕಿತ್ತೆಸೆಯುತ್ತಾಳೆ, ಹಾಕುತ್ತೇವೆ. ಏನಾದರೂ ಕೇಳಿಸುತ್ತಿದೆಯೋ ಇಲ್ಲವೋ ಹೇಳಲು ಇನ್ನೂ ಸಮಯ ಬೇಕಂತೆ. ಕಾಯುವುದೇ. ಕೋಣೆಯಲ್ಲಿ ಮಲಗುವ ಅಭ್ಯಾಸವಾಗಿದೆ. ಬಾಗಿಲಲ್ಲಿ ಲೈಟು ಆರಿಸಿ ಹಾಕಿದರೆ ತೊಟ್ಟಿಲಿನಿಂದ ಎರಡು ಕಾಲು ಮೇಲೇಳುತ್ತವೆ.

ನಾನು ಬಂದು ಎತ್ತಿಕೊಂಡ ಕೂಡಲೇ ಅಂಗೈಯನ್ನು ನನ್ನ ಗಂಟಲಿಗೆ ಇಟ್ಟು ಕಾಯುತ್ತಾಳೆ. ಏನಾದರೂ ಹೇಳಲೇಬೇಕು. ಸುಮ್ಮನಿದ್ದರೆ ತಟ್ಟುತ್ತಾಳೆ. ನನಗೋ ಮಾತೇ ಕಮ್ಮಿ. ಇವತ್ತು ಮಳೆಯಲ್ಲಿ ನೆಂದ ಲೋಡು ವಾಪಸು ಕಳಿಸಿದ್ದು, ಲಾರಿ ಡ್ರೈವರು ಜಗಳ ತೆಗೆದದ್ದು, ಆಮೇಲೆ ಅವನೇ ಟೀ ಕುಡಿಸಿದ್ದು, ಎಲ್ಲ ಹೇಳಿದೆ. ಆಪರೇಷನ್ ಮಾಡಿಸಬೇಕಾದರೆ ನನಗೆ ಹೆದರಿಕೆ ಎಂದೂ ಹೇಳಿದೆ. ಅರ್ಪಿತ ಅಡಿಗೆಮನೆಯಿಂದ, "ಯಾರ ಹತ್ರ ರೀ ಇಷ್ಟೊತ್ತು ಮಾತು?" ಎಂದಳು.

ಹೇಳುವುದನ್ನೆಲ್ಲ ಮಗಳಿಗೆ ಹೇಳಿಯಾಗಿರುತ್ತದೆ. ಇಲ್ಲಿ ಬರೆಯಲು ಕೂತರೆ ಏನೂ ಉಳಿದಿರುವುದಿಲ್ಲ.